ಸೇತುವೆಯ ನಾಲ್ಕನೇ ದೋಣಿ

ಅಕ್ಕ ಮತ್ತು ನಾನು ಪುಣೆಯ ಬಿಬವೇವಾಡಿಯಲ್ಲಿ ಮನೆಯಲ್ಲೇ ಹೋಳಿಗೆ ಮಾಡಿ ಮಾರುತ್ತೇವೆ. ಹೋದ ಮಾಘದಲ್ಲಿ ದೌಂಡದ ಆಚೆ, ಭೀಮಾ ಹಿನ್ನೀರಿನ ಒಂದು ನಡುಗಡ್ಡೆಯಲ್ಲಿ ನಿಶ್ಚಿತಾರ್ಥವಿತ್ತು. ಹೋಳಿಗೆ ನಮ್ಮವೇ. ದಡದಿಂದ ನಡುಗಡ್ಡೆಗೆ ಮೀನುಗಾರರ ಏಳು ದೋಣಿಗಳನ್ನು ಸಾಲಾಗಿ ಕಟ್ಟಿ, ಮೇಲೆ ಹಲಗೆ ಜೋಡಿಸಿ, ಕೆಂಪು ಜಮಖಾನೆ ಹಾಸಿದ್ದರು. ಕಾಲಿಟ್ಟರೆ ಸೇತುವೆಯೇ ಕುಗ್ಗಿ ಏಳುತ್ತಿತ್ತು.

ಹುಡುಗಿಯ ಕಡೆಯವರು ಆಗಲೇ ನಡುಗಡ್ಡೆ ಸೇರಿದ್ದರು. ಶಿರೂರಿನಿಂದ ಹುಡುಗನ ಕಡೆಯವರು ಎರಡು ತಾಸು ತಡವಾಗಿ ಬಂದು ದಡದಲ್ಲಿ ಪೇಟ ಸುತ್ತಿಸಿಕೊಳ್ಳುತ್ತಿದ್ದರು. ನಾವು ಬುಟ್ಟಿ ಹೊತ್ತು ನಡುವಿನ, ಅಂದರೆ ನಾಲ್ಕನೇ ದೋಣಿಯವರೆಗೆ ಹೋಗಿ ದಣಿವಾರಿಸಿಕೊಳ್ಳಲು ನಿಂತೆವು. ಅಷ್ಟರಲ್ಲಿ ಒಬ್ಬ ಮುದುಕ ಬಂದು, ಜಮಖಾನೆ ಮಡಚಿ, ಎರಡೂ ಕಡೆಯ ಹಲಗೆ ಎತ್ತಿಟ್ಟು, ಹಗ್ಗ ಬಿಚ್ಚತೊಡಗಿದ. ಏನೋ ರಿಪೇರಿ ಇರಬೇಕೆಂದುಕೊಂಡೆವು.

“ನಾಲ್ಕು ಗಂಟೆ ಆಯಿತು. ನಾಲ್ಕರವರೆಗೆ ಅಂತಲೇ ದೋಣಿ ಕೊಟ್ಟಿದ್ದೆ. ಬಲೆ ಎತ್ತಬೇಕು,” ಎಂದು ಮರಾಠಿಯಲ್ಲಿ ಹೇಳಿ ಹುಟ್ಟು ಹಾಕಿಯೇಬಿಟ್ಟ.

ಸೇತುವೆ ನಡುವೆ ತುಂಡಾಯಿತು. ದಡದಿಂದ ಹುಡುಗನ ಸೋದರಮಾವ ಕೂಗಿಕೊಳ್ಳುತ್ತಿದ್ದರು.

“ನಮ್ಮನ್ನಾದ್ರೂ ಇಳಸ್ರೀ!” ಗಾಬರಿಯಲ್ಲಿ ಅಕ್ಕನಿಗೆ ಮರಾಠಿಯೇ ನೆನಪಾಗಲಿಲ್ಲ.

ಮುದುಕ ಕೂತುಕೊಳ್ಳಿ ಎಂಬಂತೆ ಕೈ ಮಾಡಿದ.

ರೇಷ್ಮೆ ಸೀರೆಯುಟ್ಟು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ತಾಸು ನಾವು ಮೀನು ಹಿಡಿಯುವುದನ್ನು ನೋಡಿದೆವು. ಎರಡನೇ ಬಲೆಗೆ ಅಕ್ಕ ಹಗ್ಗ ಹಿಡಿದಳು. ಮೂರನೆಯದಕ್ಕೆ, “ಹಂಗಲ್ರೀ, ಈ ಕಡೆ ಜಗ್ಗ್ರಿ,” ಎಂದು ಅವನಿಗೇ ಹೇಳಿಕೊಡತೊಡಗಿದಳು. ಭಾಷೆ ತಿಳಿಯದಿದ್ದರೂ ಅವನು ಹಾಗೇ ಜಗ್ಗಿದ. ಆಮೇಲೆ ನಾನು ಕೊಟ್ಟ ನಾಲ್ಕು ಹೋಳಿಗೆ ತಿಂದು, ತುಪ್ಪ ಕಡಿಮೆಯಾಯಿತೆಂದ.

ಐದಕ್ಕೆ ಹಿಂದಿರುಗಿ, ದೋಣಿಯನ್ನು ಅದರ ಜಾಗಕ್ಕೇ ತಂದು ಕಟ್ಟಿ, ಹಲಗೆ ಜೋಡಿಸಿ, ಜಮಖಾನೆಯ ಸುಕ್ಕು ತೆಗೆದು, ಮೀನಿನ ಬುಟ್ಟಿ ಹೊತ್ತು ಮನೆಗೆ ಹೋದ.

ಇನ್ನು ದಾಟಬಹುದಿತ್ತು. ಆದರೆ ಹುಡುಗ ಮೂರನೇ ದೋಣಿಯಲ್ಲಿ, ಹುಡುಗಿ ಐದನೆಯದರಲ್ಲಿ ಕೂತು ಫೋನಿನಲ್ಲಿ ಒಬ್ಬರೊಡನೊಬ್ಬರು ಮಾತಾಡುತ್ತಿದ್ದರು. ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ.

“ಸೇತುವೆ ಬಂದದ ನೋಡ್ರಿ,” ಎಂದಳು ಅಕ್ಕ.

ಹುಡುಗ ಮರಾಠಿಯಲ್ಲಿ, “ಐದು ನಿಮಿಷ, ಚಿಕ್ಕಮ್ಮ,” ಎಂದು ಮತ್ತೆ ಫೋನಿಗೆ ಕಿವಿಗೊಟ್ಟ.

ಹೆಣ್ಣು ನೋಡಲು ಬಂದ ದಿನವೂ ಇಬ್ಬರೂ ಬಾಯಿ ಬಿಟ್ಟಿರಲಿಲ್ಲವಂತೆ. ಹಾಗಾಗಿ ಎರಡೂ ಕಡೆಯ ಹಿರಿಯರಿಗೆ ಅವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಎಲ್ಲರೂ ಸೇತುವೆಯ ಮೇಲೇ ಸಾಲಾಗಿ ಕೂತರು. ಉಂಗುರ ತೊಡಿಸುವ ಮೊದಲೇ ಹೋಳಿಗೆ ಖಾಲಿಯಾಯಿತು.