ಶಟರ್ ಎಳೆದ ಮೇಲೆ

ಒಂದು ದೇಶವನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಕಲೆ ನನಗೆ ಸಿದ್ಧಿಸಿದೆ. ಸಿಡ್ನಿಯ ನಮ್ಮ ಟೂಂಗಾಬಿಯಲ್ಲಿ ಯಾರ ಮನೆಯ ಊಟಕ್ಕೆ ಹೋದರೂ ಪಾಯಸದ ಹೊತ್ತಿಗೆ ಯಾರಾದರೂ ಕೇಳುತ್ತಾರೆ: "ಆಂಟಿ, ನೀವು ಸೌದಿಲಿ ಇದ್ರಂತಲ್ಲ, ಹೇಗಿತ್ತು ಲೈಫು?"

ನಾನು ಬಟ್ಟಲು ಕೆಳಗಿಡುತ್ತೇನೆ. ಮರಳು, ಮರಳಿನಡಿ ಎಣ್ಣೆ, ಎಣ್ಣೆಯ ಮೇಲೆ ರಾಜ, ರಾಜನ ಮೇಲೆ ದೇವರು. ಮೆಕ್ಕಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಮುಸ್ಲಿಮರಲ್ಲದ ನಮ್ಮಂಥವರು ಇಲ್ಲಿಂದ ಬೇರೆ ರಸ್ತೆ ಹಿಡಿಯಿರಿ ಎನ್ನುವ ಫಲಕ. ಹೆಂಗಸರು ಕಾರು ಓಡಿಸುವಂತಿಲ್ಲ. ಕಪ್ಪು ಅಬಾಯಾ ಇಲ್ಲದೆ ಹೊಸ್ತಿಲು ದಾಟುವಂತಿಲ್ಲ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ. ಅವರು ಹೂಂ ಅನ್ನದೆ ದೇಶ ಬಿಡುವಂತಿಲ್ಲ. ಕೊನೆಗೆ ಶಟರಿನ ಕಥೆ: ದಮ್ಮಾಮಿನಲ್ಲಿ ದಿನಸಿ ಅಂಗಡಿಗೆ ಹೋಗಿದ್ದೆ, ನಮಾಜಿನ ಬಾಂಗ್ ಆಯಿತು, ಆ ಹೊತ್ತಿಗೆ ಅಂಗಡಿ ಮುಚ್ಚಲೇಬೇಕು, ದಡಾರನೆ ಶಟರ್ ಬಿತ್ತು, ಲೈಟು ಆರಿತು, ನಾನು ಒಳಗೆ. ಅಲ್ಲಿಗೆ ನಿಲ್ಲಿಸುತ್ತೇನೆ. ಕೇಳುವವರ ಪಾಯಸ ಆರಿರುತ್ತದೆ. ಅಮೆರಿಕದಲ್ಲಿ ಆ ಎರಡು ಗೋಪುರಗಳು ಬಿದ್ದ ಮೇಲಂತೂ ಸೌದಿ ಎಂದರೆ ಜನ ಸ್ವರ ತಗ್ಗಿಸಿ ಕೇಳತೊಡಗಿದರು. ಸ್ವರ ತಗ್ಗಿದಷ್ಟೂ ನನ್ನ ಅಂಗಡಿ ಇನ್ನಷ್ಟು ಕತ್ತಲಾಯಿತು.

ಹೀಗಿರುವಾಗ ಮೆಲ್ಬರ್ನಿನ ಕ್ಲೇಟನ್‌ನಿಂದ ತಂಗಿ ವಿದ್ಯಾ ಫೋನ್ ಮಾಡಿದಳು. ಅವಳ ಗಂಡ ಸುಧೀರನಿಗೆ ರಿಯಾದ್‌ನಲ್ಲಿ ಕೆಲಸ ಸಿಕ್ಕಿದೆ. ಅವನು ಹೋಗುವುದು ನಿಶ್ಚಯ. ಇವಳು ಜೊತೆಗೆ ಹೋಗಬೇಕೋ ಬೇಡವೋ?

"ನೀನು ಹೇಳಿದ ಹಾಗೆ ಮಾಡ್ತೇನೆ ಅಕ್ಕ," ಎಂದಳು.

ಇಷ್ಟು ವರ್ಷ ನನ್ನ ಕಥೆಯ ಮೇಲೆ ಪಾಯಸದ ಬಟ್ಟಲಿಗಿಂತ ಭಾರದ್ದನ್ನು ಯಾರೂ ಇಟ್ಟಿರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಹೋಗು ಎಂದು ಏನಾದರೂ ಆದರೆ? ಬೇಡ ಎಂದು ಅವರಿಬ್ಬರ ನಡುವೆ ಒಂದು ಸಮುದ್ರ ಬಂದು ಕೂತರೆ? ಫೋನಿನಲ್ಲಿ ಹೇಳುವ ಧೈರ್ಯ ಸಾಲದೆ ಮೆಲ್ಬರ್ನಿಗೆ ಹೋದೆ.

ಏರ್‌ಪೋರ್ಟಿಗೆ ಅವಳೇ ಕಾರು ತಂದಿದ್ದಳು. ಲೈಸೆನ್ಸ್ ಬಂದು ಒಂದು ತಿಂಗಳಾಗಿರಲಿಲ್ಲ. ಹೊಸ ಡ್ರೈವರುಗಳು ಅಂಟಿಸಬೇಕಾದ 'ಪಿ' ಫಲಕ ಹಿಂದಿನ ಗಾಜಿನಲ್ಲಿ ಹೊಳೆಯುತ್ತಿತ್ತು. ಅವಳು ಸ್ಟಿಯರಿಂಗನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು, ನಾನು ಸೀಟಿನ ಅಂಚನ್ನು. ಹತ್ತು ನಿಮಿಷದ ದೇಶವನ್ನು ಶುರುಮಾಡಿದೆ. ಶಟರ್ ಬಿತ್ತು. ನಿಲ್ಲಿಸಿದೆ.

"ಆಮೇಲೆ ಒಳಗೆ ಏನಾಯ್ತು?" ಎಂದಳು ವಿದ್ಯಾ.

ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನೆನಪನ್ನು ಕರೆದೆ, ಅದು ಬಟ್ಟೆಯಂಗಡಿಯವನ ಹಾಗೆ ಎರಡು ಮೂರು ಬಗೆ ತಂದು ಹರಡಿ ಯಾವುದು ಬೇಕು ಎಂದಿತು. ಒಂದರಲ್ಲಿ ನಾನು ಅಳುತ್ತಿದ್ದೆ. ಒಂದರಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದರು. ಸಾಕ್ಷಿಗೆಂದು ಕಾರಿನಿಂದಲೇ ಸಿಡ್ನಿಗೆ, ಗಂಡನಿಗೆ ಫೋನ್ ಮಾಡಿದೆ.

"ನಾನೂ ಅಲ್ಲೇ ಇದ್ದೆನಲ್ಲ ಮಾರಾಯ್ತಿ," ಎಂದರು. "ನೀನು ಅಕ್ಕಿ ಚೀಲದ ಹತ್ರ ಕೂತು ಬಾಳೆಕಾಯಿ ಚಿಪ್ಸ್ ತಿಂದದ್ದು. ಒಂದು ಪ್ಯಾಕೆಟ್ ಪೂರ್ತಿ. ನನಗೆ ಒಂದೂ ಕೊಡ್ಲಿಲ್ಲ."

ನನ್ನ ಕಥೆಯಲ್ಲಿ ಈ ಮನುಷ್ಯನೇ ಇರಲಿಲ್ಲ. ಅವರ ಹಿಂದೆಯೇ ಇನ್ನೊಬ್ಬ ನೆನಪಿಗೆ ಬಂದ: ಗಲ್ಲಾದಲ್ಲಿ ಕೂತಿದ್ದ, ನಮ್ಮ ಕರಾವಳಿಯ ಕಾಪು ಕಡೆಯ ಬ್ಯಾರಿ ಮುಸಲ್ಮಾನ. ನಮ್ಮ ಮಾತು ಕೇಳಿಸಿಕೊಂಡು ಸ್ಟೂಲು ಎಳೆದುಕೊಟ್ಟು, "ಪೋಡಿಯೊಡ್ಚಿ ಅಕ್ಕಾ," ಎಂದು ನಮ್ಮ ತುಳುವಿನಲ್ಲೇ, ಹೆದರಬೇಡಿ ಎಂದವನು. ಅವನನ್ನು ನಾನು ಯಾವಾಗ ಕಥೆಯಿಂದ ಹೊರಗೆ ಕಳಿಸಿದೆನೋ! ಕಾಪುವಿನವನೊಬ್ಬ ಸ್ಟೂಲು ಕೊಟ್ಟ ಎಂದರೆ ಯಾರ ಪಾಯಸ ಆರುತ್ತದೆ? ಆದರೆ ಈ ಸ್ಟೂಲನ್ನಾದರೂ ನಂಬುವುದು ಹೇಗೆ? ತಂಗಿಗೆ ಸಮಾಧಾನ ಹೇಳಲೆಂದು ನಾನೇ ಈಗ ಮಾಡಿಸಿದ್ದೂ ಇರಬಹುದು.

"ಹಾಗಾದ್ರೆ ಹೆದರಿಕೆ ಆಗ್ಲಿಲ್ಲ ನಿಂಗೆ?" ಎಂದಳು ವಿದ್ಯಾ, ಚಿಪ್ಸಿನ ವಿಷಯ ಹೇಳಿದಾಗ.

"ಚಿಪ್ಸ್ ತಿಂದಿದ್ದೇನೆ ಅಂದ್ರೆ ಆಗಿರ್ಲಿಕ್ಕಿಲ್ಲ. ಆದ್ರೆ ಪಾಸ್‌ಪೋರ್ಟಿನದ್ದು ನಿಜ. ಅದು ಕಥೆ ಅಲ್ಲ. ಅದನ್ನು ಯೋಚಿಸಿಯೇ ಹೋಗು."

ಅವಳು ಮನೆಯ ತಿರುವಿನಲ್ಲಿ ಇಂಡಿಕೇಟರ್ ಹಾಕಿ, "ಒಂದು ವರ್ಷ ನೋಡ್ತೇನೆ," ಎಂದಳು. ಆಮೇಲೆ ರಿಯಾದ್‌ಗೆ ಹೊರಟಾಗ ಕಾರನ್ನು ಗೆಳತಿಯ ಗ್ಯಾರೇಜಿನಲ್ಲಿ ಬಿಟ್ಟು ಹೋದಳು, 'ಪಿ' ಫಲಕದ ಸಮೇತ.

ಮೊನ್ನೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ರಿಯಾದ್‌ನಿಂದ ಫೋನ್. "ಅಕ್ಕ, ಅಂಗಡಿಲಿದ್ದೇನೆ. ಬಾಂಗ್ ಆಯ್ತು, ಶಟರ್ ಎಳೀತಿದ್ದಾರೆ. ಆಮೇಲೆ ಮಾಡ್ತೇನೆ." ದಡಾರ್ ಎಂಬ ಸದ್ದು. ಫೋನ್ ಕಟ್ಟಾಯಿತು.

ಒಳಗೆ ಏನಿರುತ್ತದೆಂದು ಬಲ್ಲವಳು ನಾನು. ಅಕ್ಕಿ ಚೀಲ, ಸ್ಟೂಲು, ಚಿಪ್ಸ್. ಆದರೂ ಟೂಂಗಾಬಿಯ ಆ ಬಿಸಿಲಲ್ಲಿ ಒದ್ದೆ ಬೆಡ್‌ಶೀಟ್ ಹಿಡಿದುಕೊಂಡು ನಿಂತೇ ಇದ್ದೆ. ನೀರು ಪಾದದ ಮೇಲೆ ಬೀಳುತ್ತಿತ್ತು. ದಮ್ಮಾಮಿನಲ್ಲಿ ಆಗದ ಹೆದರಿಕೆಯೆಲ್ಲ ಇಷ್ಟು ವರ್ಷ ತಡವಾಗಿ ಬಂದು ನನ್ನ ವಿಳಾಸ ಕೇಳುತ್ತಿರುವಂತಿತ್ತು.

ಬೆಡ್‌ಶೀಟ್ ಕೈಯಲ್ಲೇ ಅರ್ಧ ಒಣಗಿದ ಮೇಲೆ ಫೋನ್ ಬಂತು.

"ಶಟರ್ ಹಾಕಿದ ಮೇಲೆ ಲೈಟು ಇತ್ತಾ?" ಎಂದೆ.

"ಇತ್ತಲ್ಲ. ಯಾಕಕ್ಕ?"

ಹಾಗಾದರೆ ಇಷ್ಟು ವರ್ಷ ಅದನ್ನು ಆರಿಸುತ್ತಿದ್ದದ್ದು ನಾನೇ ಇರಬೇಕು. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ ಎಂದೂ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆ ಒಂದು ಲೈಟು ಹಾಕಿ ನೋಡಲು ನನಗಿನ್ನೂ ಧೈರ್ಯ ಬಂದಿಲ್ಲ.