ಸೂಜಿ ತಾಗಿದ ಗಾದಿ

ಕೋವಿಡ್ ಇಳಿದು ಕೋರ್ಟು ಕಚೇರಿಗಳು ಎಂದಿನಂತೆ ನಡೆಯತೊಡಗಿದ್ದ ವರ್ಷ. ಬೆಳಗಾವಿ ಸದಾಶಿವನಗರದ ನನ್ನ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಗ್ರಾಹಕರ ಆಯೋಗದಲ್ಲಿ ವಕೀಲಿ ಮಾಡುತ್ತ ಮಿಕ್ಸರ್, ಫ್ರಿಜ್, ವಿಮೆಗಳ ಜಗಳ ಕೇಳಿ ಕೇಳಿ ಸಾಕಾಗಿತ್ತು. ಖಾನಾಪುರದಿಂದ ಬಂದ ಶೋಭಾ ಎಂಬ ಹೆಂಗಸು ಆನ್‌ಲೈನ್‌ನಲ್ಲಿ ತರಿಸಿದ ಗಾದಿಯ ಮಾತು ತೆಗೆದಾಗ, ಇದೂ ಅಂಥದೇ ಎಂದುಕೊಂಡೆ.

ಅಂಥದಾಗಿರಲಿಲ್ಲ. ಆಕೆಯ ಗಂಡ ಮಾರುತಿ ಹೆಂಚು ಹೊದಿಸುವ ಕೆಲಸದವರು. ಮಳೆಗಾಲಕ್ಕೆ ಮುಂಚೆ ಯಾರದೋ ಮನೆಯ ಹೆಂಚು ಸರಿಪಡಿಸುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಕುಸಿಯದಂಥ ಗಾದಿಯ ಮೇಲೆ ಮಲಗಿಸಿ ಆಗಾಗ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೆಳಗಾವಿಯ ರವಿವಾರ ಪೇಟೆಯ ಅಂಗಡಿಗಳಿಗೆ ಹೋಗಿ ವಿಚಾರಿಸಬೇಕೆಂದು ಶೋಭಾ ಹೊರಟಿದ್ದರು. ಅಷ್ಟರಲ್ಲಿ ಮಾರುತಿಯವರೇ ಮಲಗಿದಲ್ಲಿಂದ ಫೋನಿನಲ್ಲಿ ಒಂದನ್ನು ಆರಿಸಿದರು.

"ಬಿದ್ದ ಮ್ಯಾಲೆ ಅವರು ತಾವಾಗೇ ಮಾಡಿದ್ದು ಅದೊಂದ ಕೆಲಸ ರೀ, ಅಕ್ಕಾರ. ಹೆಂಗ ಬ್ಯಾಡ ಅನ್ನಲಿ?" ಎಂದರು ಶೋಭಾ.

ಜಾಹೀರಾತಿನಲ್ಲಿ ಬೆನ್ನಿಗೆ ಗಟ್ಟಿ ಆಸರೆ ಎಂದಿತ್ತು. ಒಗ್ಗದಿದ್ದರೆ ವಾಪಸ್ ಒಯ್ಯುತ್ತೇವೆ ಎಂದೂ ಇತ್ತು. ಬಂದದ್ದು ಮೆತ್ತನೆಯ ಫೋಮು. ಸೊಂಟ ಅದರೊಳಗೆ ಇಳಿದು ಕೂತು, ಮಗ್ಗುಲು ಬದಲಿಸುವುದು ಶೋಭಾ ಒಬ್ಬರ ಕೈಲಾಗದಂತಾಯಿತು. ವಾಪಸ್ ಒಯ್ಯಲು ಬಂದ ಕಂಪನಿಯ ಮನುಷ್ಯ ಮೂಲೆ ಎತ್ತಿ ನೋಡಿದ, ಫೋಟೋ ತೆಗೆದ, ಬರಿಗೈಲಿ ಹೋದ. ಶೋಭಾ ಗಾದಿಗೆ ತಮ್ಮ ಹಳೆ ಸೀರೆಯನ್ನು ಹೊದಿಸಿ, ಸರಿಯದಿರಲೆಂದು ನಾಲ್ಕೂ ಮೂಲೆ ಹೊಲಿದಿದ್ದರು. ಅರಳೆ ಗಾದಿಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೇ ಮಾಡುವುದು. ನನ್ನ ಅತ್ತೆಯೂ ಮಾಡುತ್ತಿದ್ದರು. ಕಂಪನಿಯವರ ಲೆಕ್ಕದಲ್ಲಿ ಅದು ಸರಕನ್ನು ಕೆಡಿಸಿದಂತೆ; ಸೂಜಿಯ ತೂತಿದ್ದರೆ ವಾಪಸ್ ಇಲ್ಲ.

ನನಗೆ ಮೈ ಉರಿಯಿತು. ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ ಸರಕನ್ನು ಮಾರಿದವರು ವಾಪಸ್ ಪಡೆಯಲೇಬೇಕೆಂದು ಇ-ಕಾಮರ್ಸ್ ನಿಯಮ ಹೇಳುತ್ತದೆ. ಕಂಪನಿ ಯಾವ ಊರಿನದೇ ಇರಲಿ, ಕೊಂಡವರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರು ಹಾಕಿದೆವು. ದುಡ್ಡೆಲ್ಲ ಆಸ್ಪತ್ರೆಗೆ ಹೋಗಿತ್ತು, ಇನ್ನೊಂದು ಗಾದಿ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಹಲಗೆಯ ಮೇಲೆ ಕೌದಿ ಹಾಸಿ ಮಲಗಿಸಿದ್ದರು. ಹುಣ್ಣು ಆಗಲೇ ಕಾಣಿಸಿಕೊಂಡಿತ್ತು.

ಎದುರು ವಕೀಲರು ತಾರೀಖಿನ ಮೇಲೆ ತಾರೀಖು ಪಡೆದರು. ಪ್ರತಿ ಸಲವೂ ಶೋಭಾ ಗಂಡನ ಬಳಿ ನೆರೆಯವರನ್ನು ಕೂರಿಸಿ ಬಸ್ಸಿನಲ್ಲಿ ಬರುತ್ತಿದ್ದರು. ಕೊನೆಗೊಮ್ಮೆ ಆಯೋಗದ ಅಧ್ಯಕ್ಷರೇ ಆಕೆಯನ್ನು ಕೇಳಿದರು, "ಸೀರಿ ಹೊಲಿದದ್ದು ಯಾಕವಾ?"

"ಹೊಲಸ ಆಗಬಾರದು ಅಂತರಿ. ಮಲಗಿದ ಮನಷ್ಯಾ ಅದಾರ. ಸೀರಿ ಆದ್ರ ಬಿಚ್ಚಿ ಒಗ್ಯಾಕ ಬರತೈತಿ."

ಎದುರು ವಕೀಲರೂ ತಲೆ ತಗ್ಗಿಸಿದರು. ಜೋಪಾನ ಮಾಡಿದ್ದು ಹಾಳು ಮಾಡಿದಂತಾಗದು, ಗಟ್ಟಿ ಗಾದಿಯನ್ನೇ ಕಳಿಸಿ ಎಂದು ಆದೇಶವಾಯಿತು. ಆ ಸಂಜೆ ನನಗೆ ಹೆಮ್ಮೆಯಾಗಿತ್ತು.

ಆದೇಶದ ಪ್ರತಿ ಕಂಪನಿಗೆ ತಲುಪಿ, ಗಾದಿ ಹೊರಡುವುದರೊಳಗೆ ಹುಣ್ಣಿನ ನಂಜು ಮೈಗೆಲ್ಲ ಏರಿ ಮಾರುತಿ ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಶೋಭಾ ಫೋನ್ ಮಾಡಿದರು.

"ಅಕ್ಕಾರ, ಗಾದಿ ಬಂದೈತ್ರಿ. ಮ್ಯಾಲಿಂದ ಒತ್ತಿ ನೋಡೀನಿ, ಗಟ್ಟಿ ಐತಿ. ಅವರು ಆರಿಸಿದ್ರಲ್ಲರಿ, ಅಂಥಾದ್ದ."

ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

"ಇದನ್ನ ವಾಪಸ್ ಒಯ್ತಾರೇನ್ರಿ? ಪ್ಲಾಸ್ಟಿಕ್ ಸುದ್ದಾ ಬಿಚ್ಚಿಲ್ಲ. ಈ ಸಲ ಸೂಜಿ ಹಚ್ಚಿಲ್ರಿ."

ಒಯ್ಯುತ್ತಾರೆ, ನಾನು ಒಯ್ಯಿಸುತ್ತೇನೆ ಎಂದೆ. ಫೋನಿಟ್ಟು ಬಹಳ ಹೊತ್ತು ಅತ್ತೆ.

ವಕೀಲಿಯಲ್ಲಿ ಗೆಲ್ಲುವುದನ್ನು ಕಲಿಸಿದವರು ಬಹಳ ಜನ. ಗೆಲುವು ಯಾರನ್ನು ಮುಟ್ಟಬೇಕು ಎಂಬುದನ್ನು ಕಲಿಸಿದ್ದು ಈ ಕೇಸು. ಈಗ ಯಾರಾದರೂ ಗಾದಿ, ವೀಲ್‌ಚೇರ್ ಎಂದು ಬಂದರೆ ಬಿಲ್ ಕೇಳುವ ಮೊದಲು, ಅದು ಯಾರಿಗಾಗಿ, ಇವತ್ತು ಅವರು ಎಲ್ಲಿ ಮಲಗಿದ್ದಾರೆ ಎಂದು ಕೇಳುತ್ತೇನೆ. ಎಲ್ಲಿಂದಾದರೂ ಒಂದು ಹಾಸಿಗೆ ಎರವಲು ಕೊಡಿಸಿ, ಆಮೇಲೆ ದೂರು ಬರೆಯಲು ಕೂರುತ್ತೇನೆ.