ಹತ್ಯಾರಗುಡ್ಡದ ಹನ್ನೊಂದನೆಯ ಹೆಸರು

ಗಾಳೆಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ತಪ್ಪು ನನ್ನದು.

ಇರಕಲ್ಲಗಡದ ಆಚೆಗಿರುವ ಊರಿನಲ್ಲಿ ನಾನು ಶಾಲೆ ಮಾಸ್ತರ. ಆ ಶಾಲೆಯಲ್ಲಿ ಗಾಳೆಮ್ಮ ಹದಿನಾರು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಸಾರು ತೆಳುವಾಯಿತು ಎಂದರೆ ನನಗೇ ಗದರುತ್ತಾಳೆ: "ಬ್ಯಾಳಿ ಕೊಡೂದು ಒಂದು ಹಿಡಿ. ಗಟ್ಟಿ ಸಾರು ಬೇಕಂದ್ರ ನನ್ನ ಕೈ ಕೊಯ್ದು ಹಾಕ್ಲೇನ್ರಿ ಮಾಸ್ತರ?" ಬಾಯಿ ಅಂಥದ್ದು. ಆದರೆ ಆ ಬಾಯಲ್ಲಿ ಗಂಡನ ಹೆಸರಾಗಲಿ ಮಾವನ ಹೆಸರಾಗಲಿ ಒಮ್ಮೆಯೂ ಬಂದದ್ದಿಲ್ಲ. ತನ್ನ ಮದುವೆಯಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದಾಗ ಹಿತ್ತಲ ಬಾಗಿಲಿನಿಂದ ಓಡಿದವಳು.

ಊರ ಪಕ್ಕದಲ್ಲಿ ಹತ್ಯಾರಗುಡ್ಡವಿದೆ. ಕುಂಪಣಿ ಸರ್ಕಾರ ಕತ್ತಿ, ಬಂದೂಕು, ಎಲ್ಲ ಹತ್ಯಾರ ಒಪ್ಪಿಸಿ ಎಂದಾಗ ಇಲ್ಲಿನ ಬೇಡರು ಒಪ್ಪಲಿಲ್ಲ, ಗುಡ್ಡ ಹತ್ತಿ ಕಾದಾಡಿದರು. ಹನ್ನೊಂದು ಮಂದಿ ಗುಂಡಿಗೆ ಬಿದ್ದರು. ಅವರಲ್ಲೊಬ್ಬ ಗಾಳೆಮ್ಮನ ಗಂಡನ ಮನೆತನದ ಹಿರಿಯ. ಅವನು ಬಿದ್ದ ಜಾಗದ ಗುಂಡುಕಲ್ಲಿಗೆ ವರ್ಷಕ್ಕೊಮ್ಮೆ ಸಜ್ಜಿರೊಟ್ಟಿ, ಉಳ್ಳಾಗಡ್ಡಿ ಎಡೆ ಇಟ್ಟು ಬರುವುದು ಆ ಮನೆಯ ಪದ್ಧತಿ.

ಹೋದ ವರ್ಷ ಗುಡ್ಡದ ಮೇಲೆ ಸ್ಮಾರಕ ಕಟ್ಟುವುದೆಂದಾಯಿತು. ಸತ್ತವರ ಹೆಸರು ಬರೆದುಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಗಣತಿಗೂ ಮಾಸ್ತರ, ಚುನಾವಣೆಗೂ ಮಾಸ್ತರ, ಇದಕ್ಕೂ ಮಾಸ್ತರನೇ! ಸಿಟ್ಟಿನಲ್ಲೇ ಆಕೆಯ ಮನೆಗೆ ಹೋದೆ.

"ನಾ ಹೇಳಂಗಿಲ್ಲರಿ," ಎಂದಳು. "ನಮ್ಮ ಮಾವನವರಿಗೂ ಅದ ಹೆಸರು ಇಟ್ಟಿದ್ರು. ನನ್ನ ಮಗ ಗಾಳೇಶ ಗಂಗಾವತಿ ರೈಸ್‌ಮಿಲ್‌ನ್ಯಾಗ ಅದಾನ, ಅವಂಗ ಫೋನ್ ಹಚ್ಚಿ ಕೇಳ್ರಿ."

ಓಣಿಯಲ್ಲಿ ಆಗ ಇದ್ದವರೆಲ್ಲ ಅದೇ ಮನೆತನದ ಸೊಸೆಯಂದಿರು. ಅವರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಗಾಳೇಶನಿಗೆ ಒಮ್ಮೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಲಿಲ್ಲ. ಆ ಸಾಲು ಖಾಲಿ ಬಿಟ್ಟು ಸಂಜೆ ಪಟ್ಟಿಯನ್ನು ಕೊಪ್ಪಳದ ಕಚೇರಿಗೆ ಕಳಿಸಿಬಿಟ್ಟೆ. ಮರುದಿನ ಗಾಳೆಮ್ಮ ಒಲೆಯ ಮುಂದಿನಿಂದಲೇ ಕೇಳಿದಳು, "ಹೆಸರು ಬರ್ಕೊಂಡ್ರಿಲ್ರಿ?" ಹೂಂ ಅಂದೆ. ಆಮೇಲೆ ಸೇರಿಸಿದರಾಯಿತು ಅಂದುಕೊಂಡೆ. ಎಂಥ ಸೋಮಾರಿ ನಾನು!

ಈ ವರ್ಷ ಸ್ಮಾರಕವಾಯಿತು. ಎಡೆಯ ದಿನ ಗಾಳೆಮ್ಮ, "ನನಗ ಓದಾಕ ಬರಂಗಿಲ್ಲ, ನೀವೂ ಬರ್ರಿ," ಎಂದು ನನ್ನನ್ನೂ ಗುಡ್ಡಕ್ಕೆ ಕರೆದೊಯ್ದಳು. ಮೇಲೆ ಹೋಗಿ ನೋಡಿದರೆ ಗುಂಡುಕಲ್ಲೇ ಇಲ್ಲ. ಅದನ್ನು ಒಡೆದು ಕಟ್ಟೆಯ ಬುನಾದಿಗೆ ಹಾಕಿದ್ದರು. ಕಟ್ಟೆಯ ಮೇಲೆ ನುಣುಪಾದ ಕರಿಕಲ್ಲು, ಅದರಲ್ಲಿ ಹತ್ತು ಹೆಸರು. ಕೊನೆಯ ಸಾಲಿನಲ್ಲಿ "ಮತ್ತು ಇತರರು" ಎಂದಿತ್ತು.

ಗಾಳೆಮ್ಮ ಬುತ್ತಿ ಹಿಡಿದು ಸುತ್ತಲೂ ಹುಡುಕಿದಳು. "ಕಲ್ಲು ಹೋದ್ರ ಹೋಗ್ಲಿ ಬಿಡ್ರಿ, ಹೆಸರು ಐತೆಲ್ಲ. ನಮ್ಮವರದು ಯಾವ್ದು ತೋರಸ್ರಿ, ಅದರ ಮುಂದ ಎಡಿ ಇಡ್ತೀನಿ."

ಯಾವುದೋ ಒಂದು ಸಾಲು ತೋರಿಸಿದ್ದರೆ ನಡೆಯುತ್ತಿತ್ತು. ಕೈ ಏಳಲಿಲ್ಲ.

"ಇಲ್ಲ ಯವ್ವಾ," ಎಂದೆ. "ಇದರಾಗ ನಿಮ್ಮವರ ಹೆಸರಿಲ್ಲ. ನಾ ಬರಕೊಳ್ಳಲೇ ಇಲ್ಲ. ನಿನ್ನ ಮುಂದ ಸುಳ್ಳು ಹೇಳಿದೆ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಛಲೋ ಇತ್ತು. ಬುತ್ತಿಯನ್ನು ನೆಲಕ್ಕಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಊರ ಕಡೆ ತಿರುಗಿ ಕೈಮುಗಿದಳು.

"ತಪ್ಪಾತ್ರಿ ಮಾವ," ಎಂದಳು. ಆಮೇಲೆ ಗಟ್ಟಿಯಾಗಿ, "ಮುದುಕಪ್ಪ," ಎಂದಳು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. "ಬ್ಯಾಡರ ಮುದುಕಪ್ಪ. ಹೇಳೀನಲ್ರಿ ಮಾಸ್ತರ, ಈಗರ ಬರೀರಿ."

ಏನು ಮಾಡಲಿ? ಜೇಬಿನ ಪೆನ್ನು ತೆಗೆದು ಕಲ್ಲಿನ ಮೇಲೆ ಬರೆಯಲು ನೋಡಿದೆ. ಶಾಯಿ ಹಿಡಿಯಲಿಲ್ಲ. ಮತ್ತೆ ಮತ್ತೆ ಗೀಚಿದೆ. ಗಾಳೆಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಕೇಳಸಲಿಲ್ಲೇನ್ರಿ? ಇನ್ನೊಮ್ಮೆ ಹೇಳ್ಲೇನು?"